ಕಾಣುವುದು ಹೊಲವೋ, ಹೊಲದ ಚಿತ್ರವೋ



ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎರೆಹೊಲದ ಬದುವಿನ ಮೇಲೆ ನಿಂತವರನ್ನು ‘ಏನ್ ಕಾಣ್ತದರಿ?’ ಎಂದು ಕೇಳಿದರೆ ‘ಜ್ವಾಳದ ತೆನಿ’ ಎನ್ನುತ್ತಾರೆ. ಈ ಉತ್ತರದಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ತತ್ತ್ವಶಾಸ್ತ್ರದಲ್ಲಿ ಬಹುಕಾಲದಿಂದ ಗೌರವ ಪಡೆದ ಒಂದು ಪಕ್ಷ ಇದನ್ನು ಒಪ್ಪುವುದಿಲ್ಲ. ತೆನೆ ಹೊರಗೆ ಇದೆ, ಅದು ಸುಳ್ಳಲ್ಲ ಎಂದು ಆ ಪಕ್ಷದವರೂ ಹೇಳುತ್ತಾರೆ. ಆದರೆ ನಮ್ಮ ಅರಿವಿಗೆ ನೇರವಾಗಿ ಎದುರಾಗುವುದು ಆ ತೆನೆಯಲ್ಲ ಎನ್ನುತ್ತಾರೆ. ತೆನೆಯಿಂದ ಹೊರಟ ಬೆಳಕು ಕಣ್ಣನ್ನು ಮುಟ್ಟುತ್ತದೆ, ನರಗಳಲ್ಲಿ ಹರಿದು ಮಿದುಳಿಗೆ ಹೋಗುತ್ತದೆ, ಅಲ್ಲಿ ಒಂದು ಚಿತ್ರ ಏಳುತ್ತದೆ. ನಾವು ಕಾಣುವುದು ಆ ಚಿತ್ರವನ್ನು. ಚಿತ್ರವನ್ನು ಹಿಡಿದುಕೊಂಡು ತೆನೆಯನ್ನು ಊಹಿಸುತ್ತೇವೆ. ಈ ಮತಕ್ಕೆ ಪರೋಕ್ಷ ವಾಸ್ತವವಾದ ಎಂದು ಹೆಸರು.

ಇದು ಪಂಡಿತರ ಮಠದ ಮಾತಾಗಿ ಉಳಿದಿಲ್ಲ. ಮಿದುಳಿನ ವಿಜ್ಞಾನದ ಹೆಸರಿನಲ್ಲಿ ‘ನೀವು ಕಾಣುವ ಲೋಕವೆಲ್ಲ ನಿಮ್ಮ ತಲೆಯೊಳಗೆ ಕಟ್ಟಿದ್ದು’ ಎಂಬ ಮಾತು ಈಗ ಕಾಲೇಜಿನ ಹುಡುಗರ ಬಾಯಲ್ಲೂ ಇದೆ, ಮೊಬೈಲಿನ ವಿಡಿಯೊಗಳಲ್ಲೂ ಇದೆ. ಹಾಗಾದರೆ ಒಂದೇ ಬದುವಿನ ಎರಡು ಕಡೆ ನಿಂತ ಇಬ್ಬರು ರೈತರು ನೋಡುತ್ತಿರುವುದು ಒಂದೇ ಬದುವನ್ನಲ್ಲ. ಅವರವರ ತಲೆಯೊಳಗಿನ ಬದುವನ್ನು ಅವರವರು ನೋಡುತ್ತಿದ್ದಾರೆ. ಈ ಮತ ತಪ್ಪು ಎಂದು ನಾನು ನಂಬುತ್ತೇನೆ. ಯಾಕೆ ತಪ್ಪು ಎಂದು ತೋರಿಸಲು ಬೇಕಾದ ಯುಕ್ತಿಗಳು ನಮ್ಮ ಈ ಭಾಗಕ್ಕೆ ಪರಕೀಯವಲ್ಲ ಎಂದೂ ಹೇಳಬೇಕಾಗಿದೆ.

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ ಶಾಸನಸ್ತಂಭವಿದೆ, ಕಾಲ ಕ್ರಿ.ಶ. 945. ಪಾವಿಟ್ಟಗೆ ಎಂದು ಆಗ ಕರೆಯುತ್ತಿದ್ದ ಈ ಊರಲ್ಲಿ ಅರಸನ ಮಂತ್ರಿ ನಾರಾಯಣ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ಅವರ ಊಟಕ್ಕೆ ಭೂಮಿ, ದೀಪದ ಖರ್ಚಿಗೆಂದೇ ಬೇರೆ ಭೂಮಿ. ಸಾವಿರ ವರ್ಷದ ಹಿಂದೆ ರಾತ್ರಿ ದೀಪ ಹಚ್ಚಿಕೊಂಡು ಓದುವ ಹುಡುಗರಿಗಾಗಿ ಹೊಲ ಬಿಟ್ಟ ನೆಲ ಇದು. ಅಲ್ಲಿಂದ ಚಡಚಣದ ದಾರಿ ಹಿಡಿದು ಇಂದಿನ ರಾಜ್ಯದ ಗಡಿ ದಾಟಿದರೆ ಮಂಗಳವೇಡೆ. ಬಾಗೇವಾಡಿಯ ಬಸವಣ್ಣನವರು ಬಿಜ್ಜಳನಲ್ಲಿ ಕರಣಿಕರಾಗಿ ಕೆಲಸಕ್ಕೆ ನಿಂತ ಊರು ಅದು. ‘ನ್ಯಾಯಸುಧಾ’ ಬರೆದ ಜಯತೀರ್ಥರೂ ಅದೇ ಊರಿನವರು ಎಂದು ಸಂಪ್ರದಾಯ ಹೇಳುತ್ತದೆ. ಧೋಂಡೋಪಂತನೆಂಬ ಕುದುರೆ ಸವಾರ ಜೀನಿನಿಂದ ಇಳಿಯದೆ ನದಿಯ ನೀರಿಗೆ ನೇರವಾಗಿ ಬಾಯಿ ಹಚ್ಚಿ ಕುಡಿದನಂತೆ. ದಂಡೆಯ ಮೇಲಿದ್ದ ಅಕ್ಷೋಭ್ಯತೀರ್ಥರು ಅದನ್ನು ನೋಡಿದರಂತೆ. ಆ ಸವಾರನೇ ಮುಂದೆ ಜಯತೀರ್ಥರಾದರು. ಇದು 14ನೇ ಶತಮಾನದ ಮಾತು.

ಅದೇ ಶತಮಾನದಲ್ಲಿ ವಿಜಯನಗರದ ಕಡೆ ‘ಸರ್ವದರ್ಶನಸಂಗ್ರಹ’ ಎಂಬ ಗ್ರಂಥ ಹುಟ್ಟಿತು. ಬೌದ್ಧರ ನಾಲ್ಕು ಪಂಗಡಗಳನ್ನು ಅದು ಬೇರೆ ಬೇರೆಯಾಗಿ ವಿವರಿಸುತ್ತದೆ. ಅವುಗಳಲ್ಲಿ ಸೌತ್ರಾಂತಿಕರ ಮತವನ್ನು ಓದಿದರೆ ಇಂದಿನ ಪರೋಕ್ಷ ವಾಸ್ತವವಾದವನ್ನೇ ಓದಿದಂತಾಗುತ್ತದೆ. ಹೊರಗೆ ವಸ್ತುಗಳಿವೆ, ಆದರೆ ಅವು ಕ್ಷಣಿಕ. ಅರಿವು ಹುಟ್ಟುವ ಹೊತ್ತಿಗೆ ವಸ್ತು ಆಗಲೇ ಅಳಿದಿರುತ್ತದೆ. ಅಳಿಯುವ ಮುನ್ನ ಅದು ಅರಿವಿನಲ್ಲಿ ತನ್ನ ಆಕಾರವನ್ನು ಒತ್ತಿ ಹೋಗಿರುತ್ತದೆ. ನಮಗೆ ಸಿಗುವುದು ಆ ಆಕಾರ. ವಸ್ತುವನ್ನು ಅನುಮಾನದಿಂದ ತಿಳಿಯಬೇಕು. ಇದಕ್ಕೇ ಬಾಹ್ಯಾರ್ಥಾನುಮೇಯವಾದ ಎನ್ನುವುದು. ಯುರೋಪಿನಲ್ಲಿ ಈ ಬಗೆಯ ವಿಚಾರಕ್ಕೆ ದೊಡ್ಡ ಹೆಸರು ತಂದವನು ಜಾನ್ ಲಾಕ್, 1690ರ ತನ್ನ ಗ್ರಂಥದಲ್ಲಿ. ಮನಸ್ಸು ತನ್ನ ಭಾವಚಿತ್ರಗಳನ್ನಷ್ಟೇ ಕಾಣುತ್ತದೆ ಎಂದಮೇಲೆ ಅವು ಹೊರಗಿನ ವಸ್ತುಗಳಿಗೆ ಹೊಂದುತ್ತವೆ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಅವನು ತಾನೇ ಎತ್ತಿದ. ಅದಕ್ಕೆ ಅವನು ಕೊಟ್ಟ ಸಮಾಧಾನ ಅವನ ನಂತರದವರಿಗೆ ಸಾಕೆನಿಸಲಿಲ್ಲ.

ಈಗ ನೀವು ನನ್ನ ದನಿಯನ್ನು ರೇಡಿಯೊದಿಂದ ಕೇಳುತ್ತಿದ್ದೀರಿ. ಪೆಟ್ಟಿಗೆಯೊಳಗೆ ಒಂದು ಪರದೆ ನಡುಗುತ್ತಿದೆ. ಆ ನಡುಕದ ಸದ್ದಿನಿಂದ, ಎಲ್ಲೋ ಕೂತ ಒಬ್ಬ ಮನುಷ್ಯ ಮಾತಾಡುತ್ತಿದ್ದಾನೆ ಎಂದು ತಿಳಿಯುತ್ತೀರಿ. ಪರೋಕ್ಷವಾದಿ ಹೇಳುವುದು ಇದನ್ನೇ: ನಮ್ಮ ಇಡೀ ಬದುಕು ರೇಡಿಯೊ ಕೇಳಿದ ಹಾಗೆ. ಸದ್ದು ಸಿಗುತ್ತದೆ, ಮಾತಾಡುವವನನ್ನು ಊಹಿಸಿಕೊಳ್ಳಬೇಕು. ಆದರೆ ರೇಡಿಯೊದ ಸದ್ದು ಮನುಷ್ಯನ ದನಿ ಎಂದು ನಿಮಗೆ ಗೊತ್ತಾದದ್ದು ಹೇಗೆ? ಮನೆಯಲ್ಲಿ, ಕಟ್ಟೆಯ ಮೇಲೆ, ಸಂತೆಯಲ್ಲಿ, ರೇಡಿಯೊ ಇಲ್ಲದೆಯೇ ಸಾವಿರ ಜನರ ಬಾಯಿಂದ ಬಂದ ಮಾತು ಕೇಳಿದ್ದೀರಿ. ಬಾಯಿಯನ್ನೂ ಕಂಡಿದ್ದೀರಿ, ಮಾತನ್ನೂ ಕೇಳಿದ್ದೀರಿ, ಅವು ಕೂಡಿಯೇ ಇರುವುದನ್ನು ಬಲ್ಲಿರಿ. ಹುಟ್ಟಿದಂದಿನಿಂದ ರೇಡಿಯೊದ ಸದ್ದೊಂದನ್ನು ಬಿಟ್ಟು ಬೇರೇನೂ ಕೇಳದ, ಬೇರೇನೂ ಕಾಣದ ಒಂದು ಜೀವ ಇದ್ದಿದ್ದರೆ, ಆ ಸದ್ದಿನ ಹಿಂದೆ ಮನುಷ್ಯನಿದ್ದಾನೆ ಎಂಬ ಊಹೆಗೆ ಅದು ಎಲ್ಲಿಂದ ಕಾಲಿಡುತ್ತಿತ್ತು?

ನಮ್ಮ ದರ್ಶನಕಾರರು ಸೌತ್ರಾಂತಿಕರಿಗೆ ಹಾಕಿದ ದೊಡ್ಡ ಆಕ್ಷೇಪ ಈ ಜಾಡಿನದೇ. ಅನುಮಾನ ಎಂದರೆ ಸುಮ್ಮನೆ ಎಣಿಸುವುದಲ್ಲ. ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿಯನ್ನು ಅನುಮಾನಿಸುವವನು ಅಡುಗೆಮನೆಯಲ್ಲಿ ಹೊಗೆ ಬೆಂಕಿಗಳನ್ನು ಒಟ್ಟಿಗೆ ಕಂಡಿರಬೇಕು. ಈ ಒಟ್ಟಿಗಿರುವಿಕೆಯ ತಿಳಿವಿಗೆ ವ್ಯಾಪ್ತಿ ಎನ್ನುತ್ತಾರೆ. ಅರಿವಿನ ಆಕಾರ ಒಂದು ಕಡೆ, ಹೊರಗಿನ ವಸ್ತು ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಒಮ್ಮೆಯಾದರೂ ಕಂಡವರು ಯಾರು? ಸೌತ್ರಾಂತಿಕನ ಲೆಕ್ಕದಲ್ಲಿ ಯಾರೂ ಇಲ್ಲ, ಇರಲು ಸಾಧ್ಯವೂ ಇಲ್ಲ. ವಸ್ತುವನ್ನು ಎಂದೂ ಪ್ರತ್ಯಕ್ಷ ಮಾಡದವನಿಗೆ ಅದರ ವ್ಯಾಪ್ತಿ ಗೊತ್ತಾಗದು. ವ್ಯಾಪ್ತಿ ಇಲ್ಲದವನಿಗೆ ಅನುಮಾನವೂ ಇಲ್ಲ. ಪ್ರತ್ಯಕ್ಷವನ್ನು ಬಿಟ್ಟುಕೊಟ್ಟು ಅನುಮಾನವನ್ನು ಉಳಿಸಿಕೊಳ್ಳಲು ಹೊರಟವನು ಎರಡನ್ನೂ ಕಳೆದುಕೊಳ್ಳುತ್ತಾನೆ.

ಕಳೆದುಕೊಂಡದ್ದಕ್ಕೆ ಇತಿಹಾಸವೇ ಸಾಕ್ಷಿ. ವಸ್ತು ಕಾಣುವುದೇ ಇಲ್ಲ ಎಂದಮೇಲೆ ಅದು ಇದೆ ಎನ್ನುವ ಹಟವಾದರೂ ಯಾಕೆ ಎಂದು ಬೌದ್ಧರದೇ ಇನ್ನೊಂದು ಪಂಗಡವಾದ ಯೋಗಾಚಾರರು ಕೇಳಿದರು. ಅರಿವೊಂದೇ ಸಾಕು ಎಂದರು. ಲಾಕ್‌ನ ನಂತರ 1710ರಲ್ಲಿ ಐರ್ಲೆಂಡಿನ ಬರ್ಕ್ಲಿ ಹೀಗೆಯೇ ವಾದಿಸಿದ: ಮನಸ್ಸಿನ ಚಿತ್ರ ಇನ್ನೊಂದು ಮನಸ್ಸಿನ ಚಿತ್ರವನ್ನು ಹೋಲಬಹುದು, ಯಾರೂ ಎಂದೂ ಕಾಣದ ಜಡವಸ್ತುವನ್ನು ಅದು ಹೋಲುವುದಾದರೂ ಹೇಗೆ? ಗಂಗೆಯ ಬಯಲಿನಲ್ಲೂ ಐರ್ಲೆಂಡಿನಲ್ಲೂ, ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ, ಪರಸ್ಪರ ಹೆಸರು ಕೇಳದ ಜನ ಒಂದೇ ಇಳಿಜಾರಿನಲ್ಲಿ ಒಂದೇ ಕಡೆಗೆ ಜಾರಿದರು. ಇದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ನಡುವೆ ಒಂದು ಚಿತ್ರವನ್ನು ಇಟ್ಟ ದಿನವೇ ಲೋಕ ಕೈಬಿಟ್ಟು ಹೋಗಿರುತ್ತದೆ. ಅದು ಲೆಕ್ಕಕ್ಕೆ ಬರಲು ಒಂದೆರಡು ತಲೆಮಾರು ಬೇಕಾಗುತ್ತದೆ, ಅಷ್ಟೇ.

ಶಂಕರಾಚಾರ್ಯರು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ ವಿಜ್ಞಾನವಾದಿಗೆ, ಅಂದರೆ ಅರಿವೊಂದೇ ಸಾಕು ಎಂದ ಆ ಯೋಗಾಚಾರನಿಗೆ, ಎರಡು ಮಾತು ಹೇಳುತ್ತಾರೆ. ಕಂಬವನ್ನೋ ಗೋಡೆಯನ್ನೋ ನೋಡುವವರು ಯಾರೂ ‘ನಾನೊಂದು ಅರಿವನ್ನು ನೋಡುತ್ತಿದ್ದೇನೆ’ ಎಂದುಕೊಳ್ಳುವುದಿಲ್ಲ. ಅರಿವಿಗೆ ವಿಷಯವಾದ ಕಂಬವನ್ನು, ಗೋಡೆಯನ್ನು ನೋಡುತ್ತಾರೆ. ಇನ್ನು, ಒಳಗಿನದು ‘ಹೊರಗಿರುವಂತೆ’ ತೋರುತ್ತದೆ ಎಂದು ನೀನು ಹೇಳಬೇಕಾದರೆ ‘ಹೊರಗೆ’ ಎಂಬುದು ನಿನಗೆ ಮೊದಲೇ ಗೊತ್ತಿರಬೇಕು. ಬಂಜೆಯ ಮಗನಂತೆ ಕಾಣುತ್ತಾನೆ ಎಂದು ಯಾರ ಬಗ್ಗೆಯೂ ಯಾರೂ ಹೇಳುವುದಿಲ್ಲವಲ್ಲ! ಜಗತ್ತು ಕಟ್ಟಕಡೆಗೆ ಮಿಥ್ಯೆ ಎಂದ ಆಚಾರ್ಯರೇ ಕಂಬವನ್ನು ಕಣ್ಣೊಳಗೆ ಹಾಕಲು ಒಪ್ಪಲಿಲ್ಲ ಎಂಬುದನ್ನು ಗಮನಿಸಬೇಕು.

ಎದುರು ಪಕ್ಷದ ಬಲವಾದ ಆಯುಧ ಭ್ರಮೆ. ಅದನ್ನು ಸರಿಯಾಗಿ ಎದುರಿಸದೆ ಈ ವಾದ ಮುಗಿಯುವುದಿಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಕಡುಬೇಸಿಗೆಯ ಮಧ್ಯಾಹ್ನ ಸಿಂದಗಿಯಿಂದ ದೇವರ ಹಿಪ್ಪರಗಿಯ ಕಡೆ ಹೊರಟರೆ ಮುಂದೆ ರಸ್ತೆಯ ಮೇಲೆ ನೀರು ನಿಂತಂತೆ ಹೊಳೆಯುತ್ತದೆ. ಸುಗ್ಗಿ ಮುಗಿದು ಬಿರುಕು ಬಿಟ್ಟ ಎರೆಹೊಲದ ಮೇಲೂ ಅದೇ ಹೊಳಪು. ದೂರದ ಬೇವಿನ ಮರದ ಬುಡ ಅದರಲ್ಲಿ ತಲೆಕೆಳಗಾಗಿ ಅಲುಗುತ್ತದೆ. ಹತ್ತಿರ ಹೋದಂತೆ ನೀರು ಹಿಂದೆ ಸರಿಯುತ್ತದೆ, ಕಡೆಗೆ ಇರುವುದೇ ಇಲ್ಲ. ಬಿಸಿಲ್ಗುದುರೆ. ಪರೋಕ್ಷವಾದಿ ಇಲ್ಲಿ ಹೀಗೆ ಹಿಡಿಯುತ್ತಾನೆ: ಅಲ್ಲಿ ನೀರಿಲ್ಲ, ಆದರೂ ನೀವು ನೀರಿನಂಥದ್ದೇನನ್ನೋ ಕಂಡಿರಿ. ಆ ಕಂಡದ್ದು ಹೊರಗಿಲ್ಲ, ಹಾಗಾಗಿ ಅದು ಮನಸ್ಸಿನಲ್ಲಿರಬೇಕು. ಭ್ರಮೆಯಲ್ಲಿ ಕಂಡದ್ದು ಮನಸ್ಸಿನ ಚಿತ್ರವಾದರೆ ನಿಜದಲ್ಲಿ ಕಾಣುವುದೂ ಅದೇ ಜಾತಿಯದು, ಎರಡರ ತೋರಿಕೆಯೂ ಒಂದೇ ತಾನೆ?

ನಿಮ್ಮ ಕೈಯಲ್ಲಿ ಮೊಬೈಲ್ ಇದ್ದರೆ ಆ ಬಿಸಿಲ್ಗುದುರೆಯ ಒಂದು ಫೋಟೊ ತೆಗೆಯಿರಿ. ಫೋಟೊದಲ್ಲೂ ಆ ಹೊಳಪು ಬರುತ್ತದೆ, ತಲೆಕೆಳಗಾದ ಬೇವಿನ ಮರವೂ ಬರುತ್ತದೆ. ಕ್ಯಾಮೆರಾಕ್ಕೆ ಮನಸ್ಸಿಲ್ಲ, ಆಸೆ ಇಲ್ಲ, ಬಾಯಾರಿಕೆಯೂ ಇಲ್ಲ. ಕಾದ ನೆಲದ ಮೇಲಿನ ಬಿಸಿ ಗಾಳಿ ಮೇಲಿನ ಗಾಳಿಗಿಂತ ತೆಳುವಾಗಿರುತ್ತದೆ; ಆಕಾಶದ ಕೆಳ ಅಂಚಿನಿಂದ ಇಳಿದ ಬೆಳಕು ಅಲ್ಲಿ ಬಾಗಿ ಮೇಲಕ್ಕೆದ್ದು ಕಣ್ಣಿಗೆ ಬರುತ್ತದೆ. ನೆಲದ ಮೇಲೆ ನಾವು ಕಂಡದ್ದು ಆಕಾಶದ ಬೆಳಕು. ಅದು ಹೊರಗೇ ಇದೆ. ತಪ್ಪಾದದ್ದು ಅದನ್ನು ನೀರೆಂದು ಹಿಡಿದುದರಲ್ಲಿ. ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ ಇಂಥ ಉದಾಹರಣೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ನೀರಿನಲ್ಲಿ ಅದ್ದಿದ ಕೋಲು ಬಾಗಿದಂತೆ ಕಾಣುವುದರಿಂದ ಬಾಗಿದ ಇನ್ನೊಂದು ಮಾನಸಿಕ ಕೋಲು ಹುಟ್ಟಬೇಕಾಗಿಲ್ಲ ಎಂದು ತೋರಿಸಿದ. ಅವನ ಆ ಉಪನ್ಯಾಸಗಳು ಅವನ ಮರಣದ ನಂತರ 1962ರಲ್ಲಿ ಅಚ್ಚಾದವು.

ಇದಕ್ಕೂ ಆಳವಾದ ಮಾತು ಜಯತೀರ್ಥರದು. ನಮ್ಮ ಶಾಸ್ತ್ರಗಳಲ್ಲಿ ಭ್ರಮೆಗೆ ಎಲ್ಲರೂ ಕೊಡುವ ಉದಾಹರಣೆ ಬಿಸಿಲಿನಲ್ಲಿ ಹೊಳೆಯುವ ಚಿಪ್ಪು ಬೆಳ್ಳಿಯಾಗಿ ಕಾಣುವುದು. ಕಂಡ ಬೆಳ್ಳಿ ಎಲ್ಲಿದೆ? ಬೇರೆ ಕಡೆ, ಅಂಗಡಿಯಲ್ಲಿದೆ ಎಂದರು ನೈಯಾಯಿಕರು. ಭ್ರಮೆ ಇರುವಷ್ಟು ಹೊತ್ತು ಅಲ್ಲಿಯೇ ಒಂದು ಪ್ರಾತಿಭಾಸಿಕ ಬೆಳ್ಳಿ ಹುಟ್ಟುತ್ತದೆ, ಅದನ್ನು ಇದೆ ಎನ್ನಲೂ ಬಾರದು ಇಲ್ಲ ಎನ್ನಲೂ ಬಾರದು ಎಂದರು ಅದ್ವೈತಿಗಳು. ಮಧ್ವಾಚಾರ್ಯರ ದಾರಿ ಹಿಡಿದ ಜಯತೀರ್ಥರು ಬೇರೆ ಹೇಳುತ್ತಾರೆ. ಕಣ್ಣು ಮುಟ್ಟಿದ್ದು ಎದುರಿನ ಚಿಪ್ಪನ್ನೇ. ಅದೇ ಆ ಅರಿವಿನ ವಿಷಯ. ಹೋಲಿಕೆಯ ದೋಷದಿಂದ, ಹಿಂದಿನ ಸಂಸ್ಕಾರದಿಂದ ಅದು ಬೆಳ್ಳಿಯಾಗಿ ತೋರಿತು. ಆ ಬೆಳ್ಳಿಗೆ ಅಲ್ಲಿಯೂ ಜಾಗವಿಲ್ಲ, ಮನಸ್ಸಿನಲ್ಲಿಯೂ ಜಾಗ ಕೊಡಬೇಕಾಗಿಲ್ಲ, ಅದು ಅಸತ್ತು. ‘ತೋರಿತು, ಆದ್ದರಿಂದ ಎಲ್ಲಾದರೂ ಇರಲೇಬೇಕು’ ಎಂಬ ಆ ಒಂದು ಹೆಜ್ಜೆಯನ್ನು ಅವರು ಇಡುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಮೂರ್, ರಸೆಲ್ ಮೊದಲಾದವರು ‘ಸೆನ್ಸ್ ಡೇಟಾ’ ಎಂದು ಕರೆದ ನಡುವಿನ ವಸ್ತುಗಳಿಗೆ ದೊಡ್ಡ ಆಸರೆ ಆ ಹೆಜ್ಜೆಯೇ. ಅದನ್ನು ತೆಗೆದರೆ ಅವು ನಿಲ್ಲಲು ನೆಲವಿಲ್ಲ.

ಜಯತೀರ್ಥರ ‘ಪ್ರಮಾಣಪದ್ಧತಿ’ ಚಿಕ್ಕ ಗ್ರಂಥ, ಶಾಸ್ತ್ರ ಓದಲು ತೊಡಗುವವರಿಗೆ ಬರೆದದ್ದು. ವಸ್ತು ಹೇಗಿದೆಯೋ ಹಾಗೆ ಅದನ್ನು ಹಿಡಿಯುವುದು ಪ್ರಮಾಣ. ದೋಷವಿಲ್ಲದ ಇಂದ್ರಿಯ ದೋಷವಿಲ್ಲದ ವಸ್ತುವನ್ನು ಕೂಡುವುದು ಪ್ರತ್ಯಕ್ಷ. ದೋಷ ಅಂದರೆ ಏನು ಎಂದೂ ಹೇಳುತ್ತಾರೆ: ಅತಿ ದೂರ, ಅತಿ ಸಮೀಪ, ಅತಿ ಸೂಕ್ಷ್ಮ, ನಡುವೆ ಅಡ್ಡ ಬಂದದ್ದು, ಇನ್ನೊಂದನ್ನು ಹೋಲುವುದು. ಈ ಪಟ್ಟಿ ನನಗೆ ತುಂಬ ಹಿಡಿಸುತ್ತದೆ. ಯಾಕೆಂದರೆ ಇಲ್ಲಿರುವ ಒಂದೊಂದನ್ನೂ ನಾವು ನೋಡಿಯೇ ಸರಿಪಡಿಸಿಕೊಳ್ಳಬಹುದು. ದೂರವಾದರೆ ಹತ್ತಿರ ಹೋಗಬಹುದು, ಅಡ್ಡವಿದ್ದರೆ ಸರಿಸಬಹುದು, ಹೋಲಿಕೆಯಿದ್ದರೆ ತಿರುಗಿಸಿ ನೋಡಬಹುದು. ಬಿಸಿಲ್ಗುದುರೆಯ ಸುಳ್ಳನ್ನು ಬಯಲು ಮಾಡಿದ್ದೂ ಕಣ್ಣೇ, ಹತ್ತಿರ ಹೋಗಿ ನೋಡಿದಾಗ. ಕಣ್ಣು ಬರೀ ಚಿತ್ರಗಳನ್ನು ತೋರಿಸುತ್ತಿದ್ದರೆ ಹತ್ತಿರ ಹೋದಾಗ ಮೊದಲನೆಯ ಚಿತ್ರ ಹೋಗಿ ಎರಡನೆಯದು ಬರುತ್ತಿತ್ತು. ಎರಡನೆಯದನ್ನು ನಂಬಿ ಮೊದಲನೆಯದನ್ನು ಬಿಡಲು ಕಾರಣವೇ ಇರುತ್ತಿರಲಿಲ್ಲ.

ಇಂಡಿಯ ನಿಂಬೆಯ ಸವಾಲಿನಲ್ಲಿ ನಿಂತು ನೋಡಿ. ತಲೆಯ ಮೇಲೆ ನೀಲಿ ತಾಡಪತ್ರಿ ಕಟ್ಟಿದ್ದರೆ ಅದರ ನೆರಳಿನಲ್ಲಿ ರಾಶಿಯೆಲ್ಲ ಹಸಿರೆನಿಸುತ್ತದೆ. ಕೊಳ್ಳುವವರು ರಾಶಿಯ ಒಳಗೆ ಕೈ ಹಾಕಿ ಒಂದು ಕಾಯಿ ತೆಗೆದು, ಹೆಬ್ಬೆರಳಿನಿಂದ ಸಿಪ್ಪೆ ಒತ್ತುತ್ತಾರೆ. ‘ಅಣ್ಣಾರ, ಹೊರಗ ಬಿಸಲಿಗೆ ಹಿಡದು ನೋಡ್ರಿ, ಹಣ್ಣಾಗೇತಿ’ ಎನ್ನುತ್ತಾರೆ ಮಾರುವವರು. ಬಿಸಿಲಿಗೆ ಹಿಡಿದಾಗ ತೊಟ್ಟಿನ ಹತ್ತಿರ ಹಸಿರು ಉಳಿದ, ಕೆಳಗೆ ಹಳದಿ ತಿರುಗಿದ ಕಾಯಿ ಕಾಣುತ್ತದೆ. ಬಣ್ಣ ಬೆಳಕಿನೊಂದಿಗೆ ಬದಲಾಗುತ್ತದೆ, ಆದ್ದರಿಂದ ಅದು ನಿಂಬೆಯದಲ್ಲ, ಮನಸ್ಸಿನದು ಎಂದು ಲಾಕ್‌ನ ಬಳಗ ಹೇಳಿತು. ಆದರೆ ಕೊಳ್ಳುವವರೂ ಮಾರುವವರೂ ಒಂದೇ ಕಾಯಿಯ ಬಗ್ಗೆ ಮಾತಾಡುತ್ತಿದ್ದಾರೆ. ಯಾವ ಬೆಳಕಿನಲ್ಲಿ ಅದರ ಬಣ್ಣ ಸರಿಯಾಗಿ ಕಾಣುತ್ತದೆ ಎಂಬುದರಲ್ಲಿ ಅವರಿಗೆ ಜಗಳವಿಲ್ಲ. ಅಲ್ಲಿ ಕುದುರುವ ದರ ಒಬ್ಬೊಬ್ಬರ ತಲೆಯೊಳಗಿನ ನಿಂಬೆಗೆ ಕುದುರುವುದಿಲ್ಲ.

ದೂರದ ಎತ್ತು ಸಣ್ಣದಾಗಿ ಕಾಣುವ ವಿಷಯವನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. 1748ರಲ್ಲಿ ತತ್ತ್ವಜ್ಞ ಹ್ಯೂಮ್ ಒಂದು ಮೇಜನ್ನು ಮುಂದಿಟ್ಟು, ನಾವು ದೂರ ಸರಿದಂತೆ ಅದು ಕುಗ್ಗುತ್ತದೆ, ನಿಜವಾದ ಮೇಜು ಕುಗ್ಗುವುದಿಲ್ಲ, ಆದ್ದರಿಂದ ಕಂಡದ್ದು ಚಿತ್ರ ಎಂದ. ಅವನ ನಾಡಿನವನೇ ಆದ ಥಾಮಸ್ ರೀಡ್ 1785ರಲ್ಲಿ ಉತ್ತರ ಕೊಟ್ಟ. ನಿಜವಾದ ಮೇಜೇ ಎದುರಿಗಿದ್ದರೆ ದೂರ ಸರಿದಂತೆ ಅದು ಕಣ್ಣಿಗೆ ಕೊಡುವ ಕೋನ ಕಿರಿದಾಗಲೇಬೇಕು. ಜ್ಯಾಮಿತಿಯ ಲೆಕ್ಕದಂತೆ ಅದು ಹೇಗೆ ಕಾಣಬೇಕೋ ಹಾಗೆಯೇ ಕಾಣುತ್ತಿದೆ. ಹಾಗಿದ್ದಮೇಲೆ ಇದು ಮೇಜನ್ನೇ ಕಾಣುತ್ತಿದ್ದೇವೆ ಎಂಬುದಕ್ಕೆ ಪುರಾವೆ. ಜಮೀನು ಅಳೆಯುವ ಸರ್ವೇಯರ್ ದೂರದ ಗುರುತಿನ ಕೋನ ಹಿಡಿದು ಅಂತರ ಹೇಳುವುದೂ ಇದೇ ಕಾರಣಕ್ಕೆ.

ಇನ್ನು ವಿಜ್ಞಾನ. ಕಣ್ಣಿನ ಹಿಂದೆ ಪರದೆಯ ಮೇಲೆ ಲೋಕದ ತಲೆಕೆಳಗಾದ ಬಿಂಬ ಬೀಳುತ್ತದೆ ಎಂದು ಕೆಪ್ಲರ್ 1604ರಲ್ಲಿ ವಿವರಿಸಿದ. ಡೆಕಾರ್ಟ್ 1637ರಲ್ಲಿ, ಸತ್ತ ಎತ್ತಿನ ಕಣ್ಣನ್ನು ತೆಗೆದು ಹಿಂದಿನ ಪೊರೆ ಬಿಡಿಸಿ ಕಿಟಕಿಗೆ ಹಿಡಿದರೆ ಹೊರಗಿನ ನೋಟ ಅಲ್ಲಿ ಪುಟ್ಟದಾಗಿ ಮೂಡುವುದನ್ನು ನೋಡಬಹುದು ಎಂದು ಬರೆದ. ಆ ಬಿಂಬವನ್ನು ನೋಡಿದವನು ಮನುಷ್ಯ. ಎತ್ತು ಬದುಕಿದ್ದಾಗ ತನ್ನ ಕಣ್ಣಿನ ಬಿಂಬವನ್ನು ಎಂದೂ ನೋಡಿರಲಿಲ್ಲ. ಅದು ನೋಡಿದ್ದು ಹುಲ್ಲನ್ನು, ಕಣಕಿಯನ್ನು. ಬಿಂಬದ ಮೂಲಕ ನೋಡುವುದು ಬೇರೆ, ಬಿಂಬವನ್ನು ನೋಡುವುದು ಬೇರೆ. ಮಿದುಳಿನಲ್ಲಿ ಏನೇನು ನಡೆಯುತ್ತದೆ ಎಂದು ಇಂದಿನ ವಿಜ್ಞಾನಿಗಳು ಎಷ್ಟೇ ಸೂಕ್ಷ್ಮವಾಗಿ ತೋರಿಸಲಿ, ಅದೆಲ್ಲ ನಾವು ಹೇಗೆ ನೋಡುತ್ತೇವೆ ಎಂಬುದರ ವಿವರ. ನೋಡುವುದು ಅದನ್ನೇ ಎಂದು ಅದರಿಂದ ಹೊರಡುವುದಿಲ್ಲ. ಒಳಗೊಂದು ಚಿತ್ರವಿದ್ದು ಅದನ್ನು ನೋಡುವವನೊಬ್ಬ ಒಳಗಿದ್ದರೆ ಅವನಿಗೆ ಯಾವ ಕಣ್ಣು, ಆ ಕಣ್ಣಿನೊಳಗೆ ಮತ್ತಾವ ಚಿತ್ರ? ಗಿಲ್ಬರ್ಟ್ ರೈಲ್ 1949ರ ತನ್ನ ಪುಸ್ತಕದಲ್ಲಿ ಇಂಥ ಕೊನೆಯಿಲ್ಲದ ಸರಪಳಿಗಳನ್ನು ಬಿಡಿಸಿ ತೋರಿಸಿದ.

ವಿಜ್ಞಾನದ ಹೆಸರಲ್ಲಿ ವಾದಿಸುವವರು ಇನ್ನೊಂದನ್ನು ಯೋಚಿಸಬೇಕು. ಕಣ್ಣು, ನರ, ಮಿದುಳು ಇವೆಲ್ಲ ಇವೆ ಎಂದು ಅವರಿಗೆ ಗೊತ್ತಾದದ್ದು ನೋಡಿಯೇ. ನೋಡಿದ್ದೆಲ್ಲ ತಮ್ಮ ತಲೆಯ ಚಿತ್ರವಾದರೆ ಆ ಕಣ್ಣೂ ಚಿತ್ರ, ಆ ನರವೂ ಚಿತ್ರ, ಸೂಕ್ಷ್ಮದರ್ಶಕವೂ ಚಿತ್ರ. ಚಿತ್ರದ ಕಣ್ಣಿನಿಂದ ಚಿತ್ರದ ಮಿದುಳಿಗೆ ಚಿತ್ರದ ಬೆಳಕು ಹೋಯಿತು ಎಂಬುದು ಯಾವುದನ್ನೂ ಸಾಧಿಸುವುದಿಲ್ಲ. ನೋಟವನ್ನು ನಂಬಿ ಕಟ್ಟಿದ ಶ್ರೀಮಂತವಾದ ಶಾಸ್ತ್ರವನ್ನು ನೋಟವನ್ನು ಸುಳ್ಳು ಮಾಡಲು ಬಳಸುವುದು ನ್ಯಾಯವಲ್ಲ.

ಸೌತ್ರಾಂತಿಕರ ಕಾಲದ ಯುಕ್ತಿ, ಅಂದರೆ ಅರಿವು ಬರುವ ಹೊತ್ತಿಗೆ ವಸ್ತು ದಾಟಿಹೋಗಿರುತ್ತದೆ ಎಂಬುದು, ಇಂದಿಗೂ ಹೊಸ ವೇಷದಲ್ಲಿದೆ. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಸುಮಾರು 8 ನಿಮಿಷ 20 ಸೆಕೆಂಡು ಬೇಕು; ಹಾಗಾದರೆ ಈಗ ಕಾಣುತ್ತಿರುವುದು ಸೂರ್ಯನೇ? ವಿಜಯಪುರದ ಗೋಳಗುಮ್ಮಟದ ಮೇಲಿನ ಮೊಗಸಾಲೆಗೆ ಹೋದವರಿಗೆ ಇದರ ಉತ್ತರ ಕಿವಿಗೇ ಗೊತ್ತು. ಎದುರು ಬದಿಯಲ್ಲಿ, ಸುಮಾರು 38 ಮೀಟರ್ ಆಚೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದವರ ಮಾತು ಗೋಡೆಯ ಗುಂಟ ಬಂದು, ಕ್ಷಣ ತಡವಾಗಿ, ಪಕ್ಕದಲ್ಲೇ ಹೇಳಿದಂತೆ ಕೇಳುತ್ತದೆ. ತಡವಾಯಿತು, ದಿಕ್ಕು ತಪ್ಪಿತು, ಆದರೂ ಕೇಳಿದ್ದು ಅವರ ಮಾತನ್ನೇ. ತಡವಾಗಿ ನೋಡುವುದು ಎಂದರೆ ಹಿಂದಿನದನ್ನು ನೋಡುವುದು, ಬೇರೆಯದನ್ನು ನೋಡುವುದಲ್ಲ.

ಇಂಡಿ ತಾಲ್ಲೂಕಿನ ನಿಂಬಾಳವನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ಕುಲಪತಿಗಳೂ ಆಗಿದ್ದ ಗುರುದೇವ ರಾನಡೆಯವರು ಆಶ್ರಮ ಮಾಡಿಕೊಂಡು ನಿಂತದ್ದು, 1957ರಲ್ಲಿ ದೇಹ ಬಿಟ್ಟದ್ದು ಆ ಊರಿನಲ್ಲಿ. ಗ್ರೀಕ್ ತತ್ತ್ವಜ್ಞಾನವನ್ನೂ ಬಲ್ಲವರು. ಉಪನಿಷತ್ತುಗಳ ಮೇಲಿನ ಅವರ ದೊಡ್ಡ ಗ್ರಂಥ 1926ರದು. ಇಂಚಗೇರಿ ಸಂಪ್ರದಾಯದ ಸಾಧಕರಾಗಿದ್ದ ಅವರು ಧ್ಯಾನದಲ್ಲಿ ಕಾಣುವ ಬೆಳಕು, ಕೇಳುವ ನಾದ ಇವುಗಳನ್ನು ಬಹಳ ಗಂಭೀರವಾಗಿ ತೆಗೆದುಕೊಂಡು ಬರೆದರು. ನನಗೆ ಇದರಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಒಂದು ಎಳೆ ಕಾಣುತ್ತದೆ. ಒಳಗಣ್ಣಿನಿಂದ ಕಂಡ ಬೆಳಕು ಎಂದು ಸಾಧಕರು ಬೇರೆ ಮಾಡಿ ಹೇಳುವುದು ಹೊರಗಿನ ದೀಪವನ್ನು ಕಾಣುವುದು ಬೇರೆ ಬಗೆಯದು ಎಂಬುದರಿಂದಲೇ. ಕಾಣುವುದೆಲ್ಲ ಒಳಗಿನದೇ ಆಗಿದ್ದರೆ ಒಳನೋಟ ಎಂಬುದಕ್ಕೆ ವಿಶೇಷವೇನೂ ಉಳಿಯುವುದಿಲ್ಲ. ಸಂತೆಗೆ ಹೋದವರೂ ಧ್ಯಾನಕ್ಕೆ ಕೂತವರೂ ಸಮನಾಗಿ ಬಿಡುತ್ತಾರೆ.

ಕೊನೆಗೆ ಉಳಿಯುವುದು ಕಠಿಣವಾದ ಪ್ರಕರಣ. ಬಿಸಿಲ್ಗುದುರೆಯಲ್ಲಿ ಬೆಳಕಾದರೂ ಇದೆ, ಚಿಪ್ಪಿನ ಬೆಳ್ಳಿಯಲ್ಲಿ ಚಿಪ್ಪಾದರೂ ಇದೆ. ದೃಷ್ಟಿ ಮಂದವಾದ ಕೆಲವು ಹಿರಿಯರಿಗೆ ಖಾಲಿ ಜಾಗದಲ್ಲಿ ಮನುಷ್ಯರು, ಬಳ್ಳಿಯ ವಿನ್ಯಾಸಗಳು ಕಾಣುತ್ತವೆ. ಅವು ಇಲ್ಲವೆಂದು ಅವರಿಗೇ ಗೊತ್ತಿರುತ್ತದೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೊನೆ 1760ರಲ್ಲಿ ತನ್ನ ಅಜ್ಜನ ಅನುಭವವಾಗಿ ಇದನ್ನು ದಾಖಲಿಸಿದ. ಇಲ್ಲಿ ಎದುರಿಗೆ ಏನೂ ಇಲ್ಲ. ಪರೋಕ್ಷವಾದಿ ತನ್ನ ಚಿತ್ರವನ್ನು ಮತ್ತೆ ತರುವುದು ಇಲ್ಲಿಯೇ. ಹಿಂಟನ್, ಸ್ನೋಡನ್, ಮೆಕ್‌ಡೊವೆಲ್ ಎಂಬ ಇಪ್ಪತ್ತನೆಯ ಶತಮಾನದ ತತ್ತ್ವಜ್ಞರು ಇದಕ್ಕೆ ಹೇಳುವ ಉತ್ತರ ಹೀಗೆ: ಎರಡು ಅನುಭವಗಳನ್ನು ಒಳಗಿನಿಂದ ಬೇರ್ಪಡಿಸಲು ಬರುವುದಿಲ್ಲ ಎಂದ ಮಾತ್ರಕ್ಕೆ ಅವು ಒಂದೇ ಜಾತಿಯವು ಆಗುವುದಿಲ್ಲ. ನಿಜವಾಗಿ ನೋಡುವಾಗ ಹೊಲ ನನ್ನ ಅನುಭವದ ಪಾಲಾಗಿರುತ್ತದೆ. ಇಲ್ಲದ್ದು ಕಂಡಾಗ ಹಾಗಲ್ಲ.

ಇದು ಸರಿಯಾದ ಉತ್ತರ ಎಂದು ನನ್ನ ನಂಬಿಕೆ. ಆದರೂ ಏನೂ ಇಲ್ಲದಲ್ಲಿ ಅಷ್ಟು ಬಣ್ಣ, ಅಷ್ಟು ಆಕಾರ ತೋರುವುದು ಹೇಗೆ ಎಂಬುದು ಬಾಕಿ ಇರುತ್ತದೆ. ಅಸತ್ತು ತೋರಲಾರದು ಎನ್ನುವವನಿಗೆ ಜಯತೀರ್ಥರ ಪಕ್ಷ ಕೇಳುತ್ತದೆ: ಅಸತ್ತು ನಿನ್ನ ಅರಿವಿಗೆ ಬಾರದೇ ಇದ್ದರೆ ಅದು ತೋರುವುದಿಲ್ಲ ಎಂದು ನೀನು ಯಾವುದರ ಬಗ್ಗೆ ಹೇಳಿದೆ? ಮಾತಿನ ಮಟ್ಟದಲ್ಲಿ ಇದಕ್ಕೆ ಎದುರುತ್ತರವಿಲ್ಲ. ಆದರೆ ನೆನೆಯುವುದಕ್ಕೂ ಕಣ್ಣ ಮುಂದೆ ಹಸಿರಾಗಿ ನಿಲ್ಲುವುದಕ್ಕೂ ಅಂತರವಿದೆ, ಆ ಅಂತರವನ್ನು ಈ ಯುಕ್ತಿ ಪೂರ್ತಿ ದಾಟುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ವ್ಯಾಸತೀರ್ಥರ ‘ನ್ಯಾಯಾಮೃತ’ಕ್ಕೂ ಅದಕ್ಕೆ ಉತ್ತರವಾಗಿ ಬಂದ ಮಧುಸೂದನ ಸರಸ್ವತಿಯವರ ‘ಅದ್ವೈತಸಿದ್ಧಿ’ಗೂ ನಡುವೆ ನಡೆದ ದೊಡ್ಡ ವಾದದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ವಸ್ತುವನ್ನೇ ನೇರವಾಗಿ ಕಾಣುತ್ತೇವೆ ಎನ್ನುವ ನೇರವಾದಿಯ ಮೇಲಿರುವ ಈ ಸಾಲ ಅಪರೂಪದ ಕೆಲವು ಅನುಭವಗಳನ್ನು ವಿವರಿಸುವ ಸಾಲ. ಪರೋಕ್ಷವಾದಿಯ ಮೇಲಿರುವುದು ಇಡೀ ಲೋಕದ ಸಾಲ.